ವಿಯೆಟ್ನಾಂಗೆ ಮೊದಲ ಸಲ ಹೊರಟಿದ್ದೀರಾ? ವೀಸಾದಿಂದ ವಾಪಸ್ ವಿಮಾನದವರೆಗೆ ಎಲ್ಲವೂ ಇಲ್ಲಿದೆ

"ವೀಸಾ ನಾವೇ ಮಾಡಿಕೊಳ್ಳಬಹುದಾ, ಏಜೆಂಟ್ ಬೇಕಾ?" "ಸಸ್ಯಾಹಾರಿಗಳು ಅಲ್ಲಿ ಏನು ತಿನ್ನೋದು?" "ಒಂದು ವಾರ ಸಾಕಾ?" "ರೂಪಾಯಿ ಒಯ್ಯಬೇಕಾ, ಡಾಲರಾ?" ವಿಯೆಟ್ನಾಂಗೆ ಹೋಗಿ ಬಂದೆ ಅಂದ ತಕ್ಷಣ ಎಲ್ಲರೂ ಕೇಳುವುದು ಇವನ್ನೇ. ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಮೊದಲು ಚುಟುಕಾಗಿ ಹೇಳುತ್ತೇನೆ. ವೀಸಾ ನೀವೇ ಮಾಡಿಕೊಳ್ಳಬಹುದು. ಊಟ ಸಿಗುತ್ತದೆ, ಒಂದು ಪದ ಕಲಿತಿದ್ದರೆ. ಒಂದು ವಾರ ಸಾಕು, ಆದರೆ ಇಡೀ ದೇಶ ನೋಡಲು ಸಾಕಾಗುವುದಿಲ್ಲ. ಡಾಲರ್ ಒಯ್ಯಿರಿ. ವಿಯೆಟ್ನಾಂ ನಿಜಕ್ಕೂ ಸುಲಭದ ದೇಶ, ಜನ ಒಳ್ಳೆಯವರು, ಖರ್ಚೂ ಕಡಿಮೆ. ಅಲ್ಲಿ ಒದ್ದಾಡಿ ಬಂದವರ ಕಥೆ ಕೇಳಿ ನೋಡಿ, ಹೆಚ್ಚಿನವರು ಮನೆಯಲ್ಲಿ ಫಾರ್ಮ್ ತುಂಬುವಾಗ ಇಲ್ಲವೇ ಪ್ಲ್ಯಾನ್ ಹಾಕುವಾಗಲೇ ಎಡವಿರುತ್ತಾರೆ. ಅದಕ್ಕೇ ಮೊದಲ ಮೂರು ಹಂತಗಳನ್ನು ಅವಸರ ಮಾಡದೆ ಓದಿ.

1. ತಿಂಗಳು ನೋಡಿ ಜಾಗ ಆರಿಸಿ

ಭೂಪಟ ತೆರೆಯಿರಿ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿಲೋಮೀಟರ್ ಉದ್ದಕ್ಕೆ ಹಗ್ಗದ ಹಾಗೆ ಚಾಚಿಕೊಂಡಿರುವ ದೇಶ ಇದು. ಹೀಗಾಗಿ ಇಡೀ ದೇಶಕ್ಕೆ ಒಂದೇ ಸೀಸನ್ ಅಂತ ಇಲ್ಲ. ಒಂದು ತುದಿಯಲ್ಲಿ ಬಿಸಿಲು ಕಾಯುತ್ತಿದ್ದರೆ ಇನ್ನೊಂದು ತುದಿಯಲ್ಲಿ ಸ್ವೆಟರ್ ಹಾಕಿಕೊಂಡಿರುತ್ತಾರೆ.

ಮೂರು ಭಾಗ ಮಾಡಿಕೊಂಡರೆ ಲೆಕ್ಕ ಸುಲಭ. ಉತ್ತರದಲ್ಲಿ ಹನೋಯ್, ಹಾ ಲಾಂಗ್ ಕೊಲ್ಲಿ, ನಿನ್ ಬಿನ್, ಸಾಪಾ. ಇಲ್ಲಿಗೆ ಅಕ್ಟೋಬರ್-ನವೆಂಬರ್ ಅಥವಾ ಮಾರ್ಚ್-ಏಪ್ರಿಲ್ ಚೆನ್ನಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹನೋಯ್‌ನಲ್ಲೇ ಬೆಚ್ಚಗಿನ ಬಟ್ಟೆ ಬೇಕು, ಸಾಪಾದಲ್ಲಂತೂ ಮಂಜು ಮುಸುಕಿ ಎದುರಿನ ಬೆಟ್ಟವೂ ಕಾಣದ ದಿನಗಳಿರುತ್ತವೆ. ಮಧ್ಯದಲ್ಲಿ ದಾ ನಾಂಗ್, ಹೋಯ್ ಆನ್, ಹ್ವೇ. ಇಲ್ಲಿ ಫೆಬ್ರುವರಿಯಿಂದ ಮೇವರೆಗೆ ಹಿತವಾಗಿರುತ್ತದೆ, ಆಮೇಲೆ ಬಿಸಿಲು ಜೋರು. ದಕ್ಷಿಣದಲ್ಲಿ ಹೋ ಚಿ ಮಿನ್ ಸಿಟಿ (ಅಲ್ಲಿನ ಜನ ಈಗಲೂ ಸೈಗಾನ್ ಅನ್ನುತ್ತಾರೆ), ಮೆಕಾಂಗ್ ನದಿಯ ಬಯಲು, ಫು ಕ್ವಾಕ್ ದ್ವೀಪ. ಇಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ.

ನಮ್ಮವರು ಜಾಸ್ತಿ ತಪ್ಪು ಮಾಡುವುದು ಇಲ್ಲೇ. ಮಕ್ಕಳಿಗೆ ದಸರಾ ರಜೆ ಅಂತ ಅಕ್ಟೋಬರ್‌ನಲ್ಲಿ ದಾ ನಾಂಗ್ ಪ್ಯಾಕೇಜ್ ತೆಗೆದುಕೊಳ್ಳುತ್ತಾರೆ. ಅಕ್ಟೋಬರ್-ನವೆಂಬರ್ ಅಂದರೆ ಮಧ್ಯ ಭಾಗದಲ್ಲಿ ಭಾರಿ ಮಳೆಯ ಕಾಲ, ನದಿ ಉಕ್ಕಿ ಹೋಯ್ ಆನ್‌ನ ಹಳೇ ಬೀದಿಗಳಲ್ಲಿ ದೋಣಿ ಓಡಾಡುವಷ್ಟು ನೀರು ನಿಲ್ಲುವುದೂ ಉಂಟು. ಆ ತಿಂಗಳು ಪ್ಯಾಕೇಜ್ ಅಗ್ಗವಾಗಿರುವುದಕ್ಕೆ ಕಾರಣ ಅದೇ. ದಸರಾಕ್ಕೆ ಹೋಗುವುದಾದರೆ ಉತ್ತರಕ್ಕೆ ಹೋಗಿ. ದಾ ನಾಂಗ್, ಹೋಯ್ ಆನ್ ನೋಡಬೇಕಿದ್ದರೆ ಬೇಸಿಗೆ ರಜೆಯ ಏಪ್ರಿಲ್ ಒಳ್ಳೆಯದು. ಏಪ್ರಿಲ್ 30 ಮತ್ತು ಮೇ 1 ಅಲ್ಲಿನ ರಾಷ್ಟ್ರೀಯ ರಜೆ, ಅಲ್ಲಿನವರೇ ಊರೂರು ಸುತ್ತುತ್ತಿರುತ್ತಾರೆ, ಹಾಗಾಗಿ ಆ ಎರಡು ದಿನದ ಆಸುಪಾಸು ಬೇಡ.

ಇನ್ನೊಂದು, ತೆತ್. ಇದು ಅವರ ಹೊಸ ವರ್ಷ, ನಮ್ಮ ಯುಗಾದಿಯ ಹಾಗೆ ಚಂದ್ರಮಾನದ ಲೆಕ್ಕದಲ್ಲಿ ಬರುತ್ತದೆ, ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ. 2027ರಲ್ಲಿ ಫೆಬ್ರುವರಿ 6. ಆ ವಾರ ಎಲ್ಲರೂ ತಂತಮ್ಮ ಊರಿಗೆ ಹೋಗಿಬಿಡುತ್ತಾರೆ, ಹೋಟೆಲು ಅಂಗಡಿ ಎಷ್ಟೋ ಮುಚ್ಚಿರುತ್ತವೆ, ಬಸ್ಸು ರೈಲಿನ ಟಿಕೆಟ್ ಸಿಗುವುದಿಲ್ಲ. ಮೊದಲ ಭೇಟಿಗೆ ಆ ವಾರ ಬೇಡವೇ ಬೇಡ.

2. ದಿನಗಳ ಲೆಕ್ಕ ಹಾಕಿ, ಆಸೆ ಸ್ವಲ್ಪ ಕಡಿಮೆ ಮಾಡಿ

ಏಳು ದಿನದಲ್ಲಿ ಹನೋಯ್, ಸಾಪಾ, ಹಾ ಲಾಂಗ್, ದಾ ನಾಂಗ್, ಸೈಗಾನ್ ಎಲ್ಲ ಮುಗಿಸುವ ಪ್ಲ್ಯಾನ್‌ಗಳು ಓಡಾಡುತ್ತಿವೆ. ದಯವಿಟ್ಟು ಅದನ್ನು ಅನುಸರಿಸಬೇಡಿ. ಹನೋಯ್‌ನಿಂದ ಸೈಗಾನ್‌ಗೆ ರೈಲಿನಲ್ಲಿ 30 ಗಂಟೆ ಮೀರುತ್ತದೆ, ವಿಮಾನದಲ್ಲಿ ಎರಡೇ ಗಂಟೆ ನಿಜ, ಆದರೆ ಕೋಣೆ ಖಾಲಿ ಮಾಡಿ, ಏರ್‌ಪೋರ್ಟ್ ಸೇರಿ, ಇಳಿದು, ಹೊಸ ಕೋಣೆ ಸೇರುವಷ್ಟರಲ್ಲಿ ಒಂದು ಹಗಲು ಹೋಗಿರುತ್ತದೆ.

ನನ್ನ ಸಲಹೆ ಇಷ್ಟು. ಏಳು ದಿನಕ್ಕೆ ಒಂದೇ ಭಾಗ. ಉತ್ತರವಾದರೆ ಹನೋಯ್‌ನಲ್ಲಿ ಮೂರು ರಾತ್ರಿ, ನಿನ್ ಬಿನ್‌ನಲ್ಲಿ ಎರಡು, ಹಾ ಲಾಂಗ್‌ನಲ್ಲಿ ದೋಣಿಯ ಮೇಲೆ ಒಂದು. ಮಧ್ಯ ಭಾಗವಾದರೆ ಹೋಯ್ ಆನ್‌ನಲ್ಲಿ ಮೂರು, ದಾ ನಾಂಗ್‌ನಲ್ಲಿ ಎರಡು, ಹ್ವೇಯಲ್ಲಿ ಒಂದು. ಹತ್ತು-ಹನ್ನೆರಡು ದಿನ ಇದ್ದರೆ ಎರಡು ಭಾಗ, ನಡುವೆ ಒಂದೇ ಒಂದು ವಿಮಾನ. ಸಾಧ್ಯವಾದರೆ ಒಂದು ಊರಿನಲ್ಲಿ ಇಳಿದು ಇನ್ನೊಂದು ಊರಿನಿಂದ ವಾಪಸ್ ಬರುವ ಟಿಕೆಟ್ ನೋಡಿ, ಬಂದ ದಾರಿಯಲ್ಲೇ ತಿರುಗಿ ಹೋಗುವ ಒಂದು ದಿನ ಉಳಿಯುತ್ತದೆ.

ಹಾ ಲಾಂಗ್ ಕೊಲ್ಲಿಯನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಗಾಳಿ ಮಳೆ ಜೋರಾದರೆ ಬಂದರಿನ ಅಧಿಕಾರಿಗಳು ದೋಣಿಗಳನ್ನು ನಿಲ್ಲಿಸಿಬಿಡುತ್ತಾರೆ. 2025ರ ಜುಲೈನಲ್ಲಿ ದಿಢೀರನೆ ಬಂದ ಬಿರುಗಾಳಿಗೆ ಪ್ರವಾಸಿ ದೋಣಿಯೊಂದು ಮಗುಚಿ ಹತ್ತಾರು ಜನ ಸತ್ತರು. ದೋಣಿ ಇವತ್ತು ಇಲ್ಲ ಅಂದರೆ ವಾದ ಮಾಡದೆ ದುಡ್ಡು ವಾಪಸ್ ಪಡೆಯಿರಿ, ಲೈಫ್ ಜಾಕೆಟ್ ಎಲ್ಲಿದೆ ಅಂತ ಹತ್ತಿದ ಕೂಡಲೇ ನೋಡಿಟ್ಟುಕೊಳ್ಳಿ. ಹಾ ಲಾಂಗ್ ತಪ್ಪಿದರೂ ಬೇಸರ ಬೇಡ, ನಿನ್ ಬಿನ್‌ನ ಚಾಂಗ್ ಆನ್‌ನಲ್ಲಿ ಅಂಥದ್ದೇ ಸುಣ್ಣಕಲ್ಲಿನ ಬೆಟ್ಟಗಳ ನಡುವೆ, ಗುಹೆಗಳ ಒಳಗೆ ಹುಟ್ಟುಹಾಕುವ ಸಣ್ಣ ದೋಣಿಯಲ್ಲಿ ಹೋಗಬಹುದು. ನನಗೆ ಇದೇ ಜಾಸ್ತಿ ಇಷ್ಟವಾಯಿತು.

3. ಇ-ವೀಸಾ: ಇಲ್ಲಿ ಅವಸರ ಬೇಡ

ಇ-ವೀಸಾ ಅಂದರೆ ರಾಯಭಾರ ಕಚೇರಿಗೆ ಹೋಗದೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಿ, ಆನ್‌ಲೈನ್‌ನಲ್ಲೇ ಪಡೆದು ಪ್ರಿಂಟ್ ತೆಗೆದುಕೊಳ್ಳುವ ವೀಸಾ. ಭಾರತೀಯರಿಗೆ ಇದು ಬೇಕೇ ಬೇಕು. 2023ರ ಆಗಸ್ಟ್ 15ರಿಂದ 90 ದಿನಗಳವರೆಗೆ ಕೊಡುತ್ತಿದ್ದಾರೆ. ಒಂದು ಸಲ ಒಳಗೆ ಹೋಗುವ ವೀಸಾಗೆ 25 ಡಾಲರ್, ಹಲವು ಸಲ ಹೋಗಿ ಬರುವುದಕ್ಕೆ 50 ಡಾಲರ್. ನಡುವೆ ಕಾಂಬೋಡಿಯಾದ ಅಂಗ್ಕೋರ್ ನೋಡಿ ಮತ್ತೆ ವಿಯೆಟ್ನಾಂಗೆ ಬರುವ ಯೋಚನೆ ಇದ್ದರೆ 50ರದ್ದೇ ಬೇಕು. ಅರ್ಜಿ ತಿರಸ್ಕಾರವಾದರೂ ದುಡ್ಡು ವಾಪಸ್ ಬರುವುದಿಲ್ಲ, ಅದಕ್ಕೇ ಒಂದೊಂದು ಖಾನೆಯನ್ನೂ ನೋಡಿ ತುಂಬಬೇಕು.

ಸರ್ಕಾರದ ವೆಬ್‌ಸೈಟ್ "ಇವೀಸಾ ಡಾಟ್ ಜಿಒವಿ ಡಾಟ್ ವಿಎನ್". ಹುಡುಕಿದಾಗ ಮೇಲೆ ಮೇಲೆ ಬರುವ ಎಷ್ಟೋ ಸೈಟ್‌ಗಳು ಸರ್ಕಾರದ್ದೇ ಅನ್ನುವ ಹಾಗೆ ಕಾಣುತ್ತವೆ, ಆದರೆ ಖಾಸಗಿಯವರದು, ಎರಡು ಮೂರು ಪಟ್ಟು ದುಡ್ಡು ತೆಗೆದುಕೊಳ್ಳುತ್ತವೆ. ವಿಳಾಸದ ಕೊನೆ "ಜಿಒವಿ ಡಾಟ್ ವಿಎನ್" ಇದೆಯಾ ಅಂತ ಮೊದಲು ನೋಡಿ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು: ಕನಿಷ್ಠ ಆರು ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್, ಅದರ ಫೋಟೋ ಇರುವ ಪುಟದ ಚಿತ್ರ (ಕೆಳಗಿನ ಬಾಣದ ಗುರುತಿನ ಎರಡು ಸಾಲು ಕತ್ತರಿಸಿ ಹೋಗಬಾರದು, ಹೊಳಪು ಬೀಳಬಾರದು), ಕನ್ನಡಕ ಇಲ್ಲದೆ ಬಿಳಿ ಹಿನ್ನೆಲೆಯಲ್ಲಿ ತೆಗೆಸಿದ ಫೋಟೋ, ಮೊದಲು ಉಳಿಯುವ ಹೋಟೆಲ್‌ನ ವಿಳಾಸ, ಅಂತಾರಾಷ್ಟ್ರೀಯ ಪಾವತಿ ಚಾಲೂ ಇರುವ ಕಾರ್ಡ್. ಕಾರ್ಡ್ ಫೇಲ್ ಆಗಲು ಮುಖ್ಯ ಕಾರಣ ಬ್ಯಾಂಕ್ ಆ್ಯಪ್‌ನಲ್ಲಿ ಈ ಸೌಲಭ್ಯ ಆಫ್ ಇರುವುದು, ಮೊದಲೇ ಆನ್ ಮಾಡಿ.

ಈಗ ಎಲ್ಲೆಲ್ಲಿ ಎಡವುತ್ತೇವೆ ನೋಡಿ.

ಹೆಸರು. ನಮ್ಮ ಕಡೆಯವರಿಗೆ ಇದೇ ದೊಡ್ಡ ತಲೆನೋವು. ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಖಾನೆ ಖಾಲಿ ಇರುತ್ತದೆ, ಇನ್ನು ಕೆಲವರದರಲ್ಲಿ ಇನಿಶಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಎಲ್ಲ ಸೇರಿರುತ್ತದೆ. ನಿಯಮ ಒಂದೇ. ಪಾಸ್‌ಪೋರ್ಟ್‌ನಲ್ಲಿ ಇರುವುದನ್ನು ಇರುವ ಹಾಗೇ ಬರೆಯಿರಿ. ಖಾಲಿ ಇದೆ ಅಂತ ಅಪ್ಪನ ಹೆಸರನ್ನೋ ಜಾತಿ ಹೆಸರನ್ನೋ ಹೊಸದಾಗಿ ಸೇರಿಸಬೇಡಿ, ಉದ್ದ ಆಯಿತು ಅಂತ ಒಂದು ಪದ ಬಿಡಬೇಡಿ. ಕೊನೆಗೆ ಬರುವ ವೀಸಾದ ಹೆಸರು ಪಾಸ್‌ಪೋರ್ಟ್ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಹುಟ್ಟಿದ ದಿನ ಮತ್ತು ಪಾಸ್‌ಪೋರ್ಟ್ ಸಂಖ್ಯೆ. ದಿನ, ತಿಂಗಳು, ವರ್ಷ ಎಂಬ ಕ್ರಮ. ತಿಂಗಳು ಮೊದಲು ಹಾಕಿ ಕೆಟ್ಟವರಿದ್ದಾರೆ. ನಮ್ಮ ಜೊತೆ ಹೊರಟಿದ್ದ ಒಬ್ಬರ ವೀಸಾದಲ್ಲಿ ಹುಟ್ಟಿದ ದಿನದ 5 ಮತ್ತು 8 ಅದಲು ಬದಲಾಗಿ ಚೆಕ್-ಇನ್ ಕೌಂಟರ್‌ನಲ್ಲೇ ತಡೆದರು, ಹೊಸ ವೀಸಾ ಬರುವವರೆಗೆ ಅವರು ಬೆಂಗಳೂರಿನಲ್ಲೇ ಉಳಿಯಬೇಕಾಯಿತು. ಸಂಖ್ಯೆಯಲ್ಲಿ ಸೊನ್ನೆಯನ್ನು ಇಂಗ್ಲಿಷ್ ಅಕ್ಷರ "ಒ" ಅಂದುಕೊಳ್ಳುವುದೂ ಆಗುತ್ತದೆ, ಬೇರೆಯವರಿಂದ ಒಮ್ಮೆ ಓದಿಸಿ.

ಶುರುವಾಗುವ ದಿನ. ವೀಸಾದಲ್ಲಿ ಇರುವ ಮೊದಲ ದಿನಕ್ಕಿಂತ ಒಂದು ಗಂಟೆ ಮುಂಚೆ ಇಳಿದರೂ ಒಳಗೆ ಬಿಡುವುದಿಲ್ಲ. ರಾತ್ರಿ ವಿಮಾನ ಹತ್ತುವವರಿಗೆ ಇಳಿಯುವ ತಾರೀಖು ಯಾವುದು ಅಂತ ಗೊಂದಲವಾಗುವುದು ಸಹಜ. ಹೇಗೂ 90 ದಿನ ಸಿಗುತ್ತದೆ ಅಲ್ವಾ, ಪ್ರಯಾಣಕ್ಕಿಂತ ನಾಲ್ಕೈದು ದಿನ ಮೊದಲಿನ ತಾರೀಖು ಹಾಕಿ, ಕೊನೆಯಲ್ಲೂ ಒಂದು ವಾರ ಜಾಸ್ತಿ ಇಡಿ. ವಿಮಾನದ ದಿನ ಬದಲಾದರೂ ಚಿಂತೆ ಇರುವುದಿಲ್ಲ.

ಒಳಗೆ ಬರುವ ಜಾಗ. ಹನೋಯ್‌ಗೆ ನೋಯ್ ಬಾಯ್, ಸೈಗಾನ್‌ಗೆ ತಾನ್ ಸೊನ್ ನ್ಯತ್, ದಾ ನಾಂಗ್‌ಗೆ ದಾ ನಾಂಗ್ ಏರ್‌ಪೋರ್ಟ್. ಪಟ್ಟಿಯಲ್ಲಿ ರಸ್ತೆ ಗಡಿ, ಬಂದರುಗಳ ಹೆಸರೂ ಇರುತ್ತವೆ, ನೀವು ಮೊದಲು ಇಳಿಯುವ ವಿಮಾನ ನಿಲ್ದಾಣವನ್ನೇ ಆರಿಸಿ.

ಅರ್ಜಿ ಹಾಕಿದ ಮೇಲೆ ಬರುವ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಅದಿಲ್ಲದೆ ವೀಸಾ ಎಲ್ಲಿಗೆ ಬಂತು ಅಂತ ನೋಡಲು ಆಗುವುದಿಲ್ಲ. ಮೂರು ಕೆಲಸದ ದಿನ ಅನ್ನುತ್ತಾರೆ. ಆದರೆ ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ, ಅವರ ರಜೆಗಳು ಬಂದರೆ ಇನ್ನೂ ತಡ. ಮೂರು ನಾಲ್ಕು ವಾರ ಮೊದಲೇ ಹಾಕಿ. ಬಂದ ಕೂಡಲೇ ಪ್ರತಿ ಸಾಲನ್ನೂ ಪಾಸ್‌ಪೋರ್ಟ್ ಪಕ್ಕ ಇಟ್ಟು ಓದಿ, ತಪ್ಪಿದ್ದರೆ ಸಮಯ ಇರುವಾಗಲೇ ಹೊಸ ಅರ್ಜಿ ಹಾಕಬಹುದು. ಎರಡು ಪ್ರಿಂಟ್ ತೆಗೆದುಕೊಳ್ಳಿ, ಫೋನಿನಲ್ಲಿದೆ ಅಂತ ಸುಮ್ನೆ ಇರಬೇಡಿ.

ಫು ಕ್ವಾಕ್ ದ್ವೀಪಕ್ಕೆ ಮಾತ್ರ ಒಂದು ವಿನಾಯಿತಿ ಇದೆ. ಹೊರದೇಶದಿಂದ ನೇರ ಅಲ್ಲಿಗೇ ಹೋಗಿ, ಅಲ್ಲಿಂದಲೇ ವಾಪಸಾಗುವವರಿಗೆ 30 ದಿನದವರೆಗೆ ವೀಸಾ ಬೇಡ. ದ್ವೀಪ ಬಿಟ್ಟು ಹನೋಯ್ ಕಡೆ ಒಂದು ದಿನ ಹೋಗುತ್ತೇನೆ ಅಂದರೂ ಬೇಕು.

4. ಟಿಕೆಟ್ ಮತ್ತು ಲಗೇಜ್

ನೇರ ವಿಮಾನ ಸಿಗದ ದಿನ ಸಿಂಗಾಪುರ, ಬ್ಯಾಂಕಾಕ್ ಅಥವಾ ಕೌಲಾಲಂಪುರದ ಮೂಲಕ ಹೋಗಬಹುದು. ಅಗ್ಗ ಅಂತ ಎರಡು ಬೇರೆ ಬೇರೆ ಕಂಪನಿಯ ಟಿಕೆಟ್ ಪ್ರತ್ಯೇಕವಾಗಿ ಕೊಂಡರೆ, ನಡುವಿನ ಊರಿನಲ್ಲಿ ಲಗೇಜ್ ಹೊರಗೆ ತೆಗೆದು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಹೊರಗೆ ಬರಬೇಕೆಂದರೆ ಆ ದೇಶದ ನಿಯಮವೂ ನಿಮಗೆ ಅನ್ವಯಿಸುತ್ತದೆ. ಒಂದೇ ಬುಕಿಂಗ್‌ನಲ್ಲಿ ಪೂರ್ತಿ ದಾರಿ ಇರುವ ಟಿಕೆಟ್ ಸ್ವಲ್ಪ ದುಬಾರಿಯಾದರೂ ನೆಮ್ಮದಿ.

ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ 7 ಕಿಲೋ ಅಷ್ಟೇ, ಗೇಟಿನ ಹತ್ತಿರವೂ ತೂಕ ಹಾಕುತ್ತಾರೆ. ದೇಶದ ಒಳಗಿನ ವಿಮಾನಕ್ಕೂ ಲಗೇಜ್ ಸೇರಿಸಿಯೇ ಬುಕ್ ಮಾಡಿ. ಪ್ಲಗ್ ಬೇರೆ ಥರ, ಸಣ್ಣ ಎರಡು ಪಿನ್ನಿನ ಚಾರ್ಜರ್ ಹೋಗುತ್ತದೆ, ನಮ್ಮ ದಪ್ಪ ಮೂರು ಪಿನ್ನಿನದು ಹೋಗುವುದಿಲ್ಲ, ಒಂದು ಅಡಾಪ್ಟರ್ ಇರಲಿ. ಇ-ಸಿಗರೇಟ್, ವೇಪ್ ಒಯ್ಯಲೇಬೇಡಿ, 2025ರಿಂದ ಅಲ್ಲಿ ಪೂರ್ತಿ ನಿಷೇಧ.

5. ದುಡ್ಡು

ಅಲ್ಲಿನ ಹಣ ಡಾಂಗ್. ಒಂದು ರೂಪಾಯಿಗೆ ಸುಮಾರು 280ರಿಂದ 300 ಡಾಂಗ್. ಸೊನ್ನೆ ನೋಡಿ ಗಾಬರಿ ಬೇಡ, ಮೂರು ಸೊನ್ನೆ ತೆಗೆದು ಮೂರೂವರೆಯಿಂದ ಗುಣಿಸಿದರೆ ರೂಪಾಯಿ ಬರುತ್ತದೆ. 50,000 ಡಾಂಗ್ ಅಂದರೆ ಸುಮಾರು 175 ರೂಪಾಯಿ. ಅಂಗಡಿಯಲ್ಲಿ ಬರೀ "50" ಅಥವಾ "50ಕೆ" ಅಂತ ಬರೆದಿದ್ದರೆ 50 ಸಾವಿರ ಅಂತಲೇ ಅರ್ಥ.

ಒಂದು ಎಚ್ಚರಿಕೆ. 20,000 ಮತ್ತು 500,000 ಡಾಂಗ್ ನೋಟು ಎರಡೂ ನೀಲಿ ಛಾಯೆಯವು. ರಾತ್ರಿ ಟ್ಯಾಕ್ಸಿಯಲ್ಲಿ 70 ರೂಪಾಯಿ ಬದಲು 1,750 ರೂಪಾಯಿ ಕೊಟ್ಟು ಬಂದವರು ತುಂಬಾ ಜನ. ಐದು ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಖಾನೆಯಲ್ಲಿ ಇಡಿ, ಕೊಡುವಾಗ ನೋಟಿನ ಮೇಲಿನ ಸಂಖ್ಯೆ ಬಾಯಲ್ಲಿ ಹೇಳಿ ಕೊಡಿ.

ಭಾರತದಿಂದ ಡಾಲರ್ ಒಯ್ಯಿರಿ. 100ರ ನೋಟು, ಹೊಸದು, ಮಡಿಕೆ ಕಲೆ ಇಲ್ಲದ್ದು. ಗೀಚಿದ ನೋಟನ್ನು ತೆಗೆದುಕೊಳ್ಳುವುದಿಲ್ಲ ಅಥವಾ ಕಡಿಮೆ ದರ ಕೊಡುತ್ತಾರೆ. ಏರ್‌ಪೋರ್ಟ್‌ನಲ್ಲಿ ಮೊದಲ ದಿನಕ್ಕೆ ಬೇಕಾದಷ್ಟು ಬದಲಿಸಿ, ಉಳಿದದ್ದನ್ನು ಊರೊಳಗೆ ಬ್ಯಾಂಕ್‌ನಲ್ಲಿ ಅಥವಾ ಪರವಾನಗಿ ಇರುವ ಚಿನ್ನದಂಗಡಿಯಲ್ಲಿ ಬದಲಿಸಿ. ಅಲ್ಲಿ ಚಿನ್ನದಂಗಡಿಗಳೂ ಹಣ ಬದಲಿಸುತ್ತವೆ, ಆದರೆ ಪರವಾನಗಿ ಇಲ್ಲದ ಕಡೆ ಬದಲಿಸುವುದು ಕಾನೂನಿಗೆ ವಿರುದ್ಧ. 5,000 ಡಾಲರ್‌ಗಿಂತ ಜಾಸ್ತಿ ಇದ್ದರೆ ಕಸ್ಟಮ್ಸ್‌ನಲ್ಲಿ ಹೇಳಬೇಕು.

ಜೊತೆಗೆ ಎರಡು ಕಾರ್ಡ್ ಇರಲಿ. ಎಟಿಎಂ ಅಥವಾ ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ, ಡಾಂಗ್‌ನಲ್ಲಾ" ಅಂತ ಕೇಳಿದರೆ ಡಾಂಗ್ ಅಂತಲೇ ಒತ್ತಿ. ರೂಪಾಯಿ ಆರಿಸಿದರೆ ಅವರ ದರದಲ್ಲಿ ಲೆಕ್ಕ ಹಾಕುತ್ತಾರೆ, ಯಾವಾಗಲೂ ನಷ್ಟ. ಗೋಡೆಗೆಲ್ಲ ಕ್ಯೂಆರ್ ಕೋಡ್ ಅಂಟಿಸಿರುವುದನ್ನು ನೋಡಿ ನಮ್ಮ ಯುಪಿಐ ನಡೆಯುತ್ತದೆ ಅಂತ ನಂಬಿ ಹೋಗಬೇಡಿ, ಅದು ಅಲ್ಲಿನ ಬ್ಯಾಂಕ್ ಖಾತೆ ಇರುವವರಿಗೆ. ಬೀದಿ ಬದಿಯಲ್ಲಿ ನಗದೇ ಬೇಕು.

6. ಇಳಿದ ಮೇಲಿನ ಮೊದಲ ಒಂದು ಗಂಟೆ

ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಇಮಿಗ್ರೇಷನ್ ಸಾಲು ಕೆಲವೊಮ್ಮೆ ಒಂದು ಗಂಟೆ ಮೀರುತ್ತದೆ, ಅದಕ್ಕೇ ಇಳಿದ ಮೂರು ಗಂಟೆಯ ಒಳಗೆ ಮುಂದಿನ ವಿಮಾನ ಇಟ್ಟುಕೊಳ್ಳಬೇಡಿ. ಮುದ್ರೆ ಹಾಕಿದ ತಾರೀಖು ಸರಿ ಇದೆಯಾ ಅಂತ ಅಲ್ಲೇ ನೋಡಿ.

ಹೊರಗೆ ಬರುವ ಮೊದಲು ಸಿಮ್ ಕೊಳ್ಳಿ. ವಿಯೆಟೆಲ್, ವಿನಾಫೋನ್, ಮೊಬಿಫೋನ್ ಮೂರೂ ಚೆನ್ನಾಗಿವೆ, ಬೆಟ್ಟದ ಕಡೆ ಹೋಗುವವರಿಗೆ ವಿಯೆಟೆಲ್ ವಾಸಿ. ಪಾಸ್‌ಪೋರ್ಟ್ ತೋರಿಸಿ ನಿಮ್ಮ ಹೆಸರಿಗೆ ನೋಂದಾಯಿಸಿಕೊಳ್ಳಿ, ಇಂಟರ್ನೆಟ್ ಬರುತ್ತಿದೆಯಾ ಅಂತ ಕೌಂಟರ್ ಮುಂದೆಯೇ ಪರೀಕ್ಷಿಸಿ.

ಗ್ರ್ಯಾಬ್ ಆ್ಯಪ್ ಅನ್ನು ಬೆಂಗಳೂರಿನಲ್ಲೇ ಹಾಕಿಕೊಂಡು ಭಾರತದ ನಂಬರ್‌ಗೆ ಬರುವ ಒಟಿಪಿ ಇಲ್ಲೇ ಮುಗಿಸಿ. ಇದು ನಮ್ಮ ಓಲಾ ಊಬರ್ ಥರ. ಸಾನ್ ಎಸ್ಎಂ ಎಂಬ ಹಸಿರು ನೀಲಿ ಬಣ್ಣದ ಎಲೆಕ್ಟ್ರಿಕ್ ಟ್ಯಾಕ್ಸಿಯೂ ಚೆನ್ನಾಗಿದೆ. ಬಾಗಿಲಲ್ಲಿ "ಗ್ರ್ಯಾಬ್, ಗ್ರ್ಯಾಬ್" ಅಂತ ಕೂಗುತ್ತಾ ಬರುವವರ ಜೊತೆ ಹೋಗಬೇಡಿ, ನಿಜವಾದ ಗಾಡಿಯ ನಂಬರ್ ನಿಮ್ಮ ಫೋನಿನಲ್ಲೇ ಇರುತ್ತದೆ. ನೋಯ್ ಬಾಯ್‌ನಿಂದ ಹನೋಯ್‌ನ ಹಳೇ ಪಟ್ಟಣಕ್ಕೆ ಸುಮಾರು 30 ಕಿಲೋಮೀಟರ್. ಕಿತ್ತಳೆ ಬಣ್ಣದ 86ನೇ ನಂಬರ್ ಬಸ್ಸೂ ಅಲ್ಲಿಗೆ ಹೋಗುತ್ತದೆ. ದಾ ನಾಂಗ್ ಏರ್‌ಪೋರ್ಟ್ ಊರೊಳಗೇ ಇದೆ.

ಹೋಟೆಲ್‌ನಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ, ಪೊಲೀಸರಿಗೆ ಅತಿಥಿಗಳ ವಿವರ ಕೊಡಬೇಕಾದ್ದು ಅಲ್ಲಿನ ನಿಯಮ. ಫೋಟೋ ತೆಗೆದುಕೊಂಡ ಮೇಲೆ ವಾಪಸ್ ಕೇಳಿ ಪಡೆಯಿರಿ.

ವಿಳಾಸದ ಬಗ್ಗೆ ಒಂದು ಮಾತು. 2025ರ ಜುಲೈ 1ರಂದು 63 ಪ್ರಾಂತ್ಯಗಳನ್ನು 34ಕ್ಕೆ ಇಳಿಸಿದರು, ಜಿಲ್ಲೆಗಳನ್ನೇ ತೆಗೆದುಹಾಕಿದರು. ಹೋಯ್ ಆನ್ ಈಗ ಕಾಗದದ ಮೇಲೆ ದಾ ನಾಂಗ್‌ಗೆ ಸೇರಿದೆ. ಜನ ಮಾತ್ರ ಸೈಗಾನ್‌ನ ನಡುಭಾಗವನ್ನು ಈಗಲೂ "ಡಿಸ್ಟ್ರಿಕ್ಟ್ 1" ಎಂದೇ ಹೇಳುತ್ತಾರೆ. ಹೋಟೆಲ್ ವಿಳಾಸ ಎರಡು ಥರ ಕಂಡರೆ ಗಾಬರಿ ಬೇಡ, ಮನೆ ನಂಬರ್ ಮತ್ತು ಬೀದಿ ಹೆಸರು ಒಂದೇ ಇದ್ದರೆ ಸಾಕು.

7. ಸಸ್ಯಾಹಾರಿಗಳ ಊಟ

ಆ ಒಂದು ಪದ "ಚಯ್". ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ. ಬೌದ್ಧ ಸಸ್ಯಾಹಾರ ಎಂದರ್ಥ. ಬೋರ್ಡಿನ ಮೇಲೆ ಈ ಪದ ಕಂಡರೆ ಒಳಗೆ ಹೋಗಿ. ಮ್ಯಾಪ್‌ನಲ್ಲೂ ಈ ನಾಲ್ಕು ಅಕ್ಷರ ಹಾಕಿಯೇ ಹುಡುಕಿ, "ವೆಜ್" ಅಂತ ಹುಡುಕಿದರೆ ಪ್ರವಾಸಿಗರ ದುಬಾರಿ ಹೋಟೆಲ್‌ಗಳೇ ಬರುತ್ತವೆ. "ತೋಯ್ ಅನ್ ಚಯ್" ಅಂದರೆ ನಾನು ಸಸ್ಯಾಹಾರಿ.

ಅಲ್ಲಿನ ಜನ ಅಮಾವಾಸ್ಯೆ ಹುಣ್ಣಿಮೆಗೆ, ಅಂದರೆ ಅವರ ಚಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಮಾಂಸ ಬಿಡುವುದು ರೂಢಿ. ಆ ದಿನ ಮಾಮೂಲಿ ಅಂಗಡಿಗಳೂ ಚಯ್ ಊಟ ಮಾಡುತ್ತವೆ. ಹಾಗಾಗಿ ನಾವು ಏನೋ ವಿಚಿತ್ರ ಕೇಳುತ್ತಿದ್ದೇವೆ ಎಂಬ ಸಂಕೋಚ ಬೇಡ. ಅವರಿಗೆ ಇದು ಪೂರ್ತಿ ಅರ್ಥವಾಗುವ ವಿಷಯ, ಎಷ್ಟೋ ಅಜ್ಜಿಯರು ಖುಷಿಯಿಂದ ಇನ್ನೊಂದು ಸೌಟು ಬಡಿಸುತ್ತಾರೆ.

ಆದರೆ "ಮಾಂಸ ಬೇಡ" ಅಂದರೆ ಮಾತ್ರ ಸಾಲದು. ನುಅಕ್ ಮಮ್ ಎಂಬ ಮೀನಿನ ರಸ ಅವರ ಅಡುಗೆಗೆ ನಮ್ಮ ಉಪ್ಪಿದ್ದ ಹಾಗೆ, ಬರೀ ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. ಫೋ ಎಂಬ ನೂಡಲ್ ಸಾರನ್ನು ಮೂಳೆ ಕುದಿಸಿಯೇ ಮಾಡುತ್ತಾರೆ, ಮಾಂಸದ ತುಂಡು ತೆಗೆದು ಕೊಟ್ಟರೂ ಅದು ಸಸ್ಯಾಹಾರವಲ್ಲ. ಫೋ ಚಯ್, ಬಾನ್ ಮಿ ಚಯ್ (ಅವರ ಗರಿಗರಿ ಬ್ರೆಡ್ಡು), ಕೋಮ್ ಚಯ್ (ಅನ್ನದ ತಟ್ಟೆ) ಅಂತಲೇ ಕೇಳಿ. ಅವರ ಭಾಷೆಯಲ್ಲಿ ರಾಗ ಬದಲಾದರೆ ಅರ್ಥವೇ ಬದಲಾಗುತ್ತದೆ, ಆದ್ದರಿಂದ "ಮಾಂಸ, ಮೀನು, ಮೀನಿನ ರಸ, ಮೊಟ್ಟೆ ಹಾಕಬೇಡಿ" ಎಂಬ ಸಾಲನ್ನು ಅನುವಾದದ ಆ್ಯಪ್‌ನಲ್ಲಿ ಬರೆದು ಸ್ಕ್ರೀನ್‌ಶಾಟ್ ಇಟ್ಟುಕೊಂಡು ತೋರಿಸುವುದೇ ಸರಿ.

ಚಯ್ ಹೋಟೆಲ್‌ನಲ್ಲಿ ತಟ್ಟೆಯ ಮೇಲೆ ಕೋಳಿ, ಮೀನಿನ ಆಕಾರದ ತುಂಡು ಕಂಡರೆ ಎದ್ದು ಬರಬೇಡಿ. ಸೋಯಾ, ಅಣಬೆಯಿಂದ ಹಾಗೆ ಮಾಡುತ್ತಾರೆ. ಕಟ್ಟುನಿಟ್ಟಾದ ಬೌದ್ಧ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ಅದನ್ನು ತಿನ್ನದವರಿಗೂ ಅನುಕೂಲ. ಹನೋಯ್‌ನ ಪ್ರಸಿದ್ಧ "ಎಗ್ ಕಾಫಿ"ಯ ನೊರೆ ಹಸಿ ಮೊಟ್ಟೆಯ ಹಳದಿಯದು, ಗೊತ್ತಿಲ್ಲದೆ ಕುಡಿಯಬೇಡಿ. ಕಾಫಿಯ ನಾಡಿನವರಾದ ನಮಗೆ ಕಂಡೆನ್ಸ್ಡ್ ಹಾಲು, ಐಸ್ ಹಾಕಿದ ಅವರ ಗಟ್ಟಿ ಕಾಫಿ ಬೇರೆಯೇ ರುಚಿ, ಒಮ್ಮೆಯಾದರೂ ಕುಡಿಯಿರಿ.

ನಲ್ಲಿ ನೀರು ಬೇಡ, ಬಾಟಲಿ ನೀರೇ ಇರಲಿ. ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಬೆಳಗಿನ ಆರು ಗಂಟೆಯ ಬಸ್ಸಿಗೆ ಸಹಾಯಕ್ಕೆ ಬರುತ್ತದೆ.

8. ರಸ್ತೆ ದಾಟುವುದು, ಸ್ಕೂಟರ್ ಓಡಿಸುವುದು

ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ಅಂದರೆ ನೀವು ಮೊದಲು ಎಡಕ್ಕೆ ನೋಡಬೇಕು. ಸ್ಕೂಟರ್‌ಗಳ ಸಾಲು ನಿಲ್ಲುವುದೇ ಇಲ್ಲ. ಅವರಿಗೆ ಕಾಣುವ ಹಾಗೆ ಒಂದೇ ವೇಗದಲ್ಲಿ ನಿಧಾನವಾಗಿ ನಡೆಯಿರಿ, ಅವರೇ ನಿಮ್ಮನ್ನು ಬಳಸಿ ಹೋಗುತ್ತಾರೆ. ನಡುವೆ ಓಡಬೇಡಿ, ಹಿಂದೆ ಹೆಜ್ಜೆ ಇಡಬೇಡಿ. ಬಸ್ಸು ಕಾರು ಬಂದರೆ ಮಾತ್ರ ನಿಂತು ಬಿಡಿ.

ಬಾಡಿಗೆ ಸ್ಕೂಟರ್ ವಿಷಯ ಸ್ವಲ್ಪ ಗಂಭೀರ. "ಆರ್‌ಟಿಒದಲ್ಲಿ ಐಡಿಪಿ ಮಾಡಿಸಿಕೊಂಡು ಹೋಗುತ್ತೇನೆ" ಅನ್ನುತ್ತಾರೆ. ಐಡಿಪಿ ಅಂದರೆ ಹೊರದೇಶದಲ್ಲಿ ಗಾಡಿ ಓಡಿಸಲು ಕೊಡುವ ಪರವಾನಗಿ. ಭಾರತ ಕೊಡುವುದು 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದು. ಹಾಗಾಗಿ ನಮ್ಮ ಐಡಿಪಿ ಅಲ್ಲಿ ನಡೆಯುವುದಿಲ್ಲ. ಬಾಡಿಗೆ ಕೊಡುವವರು ಏನೂ ಕೇಳದೆ ಕೀ ಕೊಡುತ್ತಾರೆ, ಆದರೆ ಬಿದ್ದು ಕಾಲು ಮುರಿದರೆ ಪರವಾನಗಿ ಇಲ್ಲ ಅಂತ ಇನ್ಶೂರೆನ್ಸ್ ಕಂಪನಿ ಕೈ ಎತ್ತುತ್ತದೆ. ಆಸ್ಪತ್ರೆಯ ಬಿಲ್ ಪೂರ್ತಿ ನಿಮ್ಮ ಮೇಲೆ. 2025ರ ಜನವರಿಯಿಂದ ದಂಡಗಳನ್ನೂ ತುಂಬಾ ಏರಿಸಿದ್ದಾರೆ, ಕುಡಿದು ಓಡಿಸುವುದಕ್ಕೆ ಒಂದು ಗುಟುಕಿನ ವಿನಾಯಿತಿಯೂ ಇಲ್ಲ.

ಉತ್ತರದ ತುದಿಯ ಹಾ ಜಾಂಗ್ ಬೆಟ್ಟದ ಸುತ್ತು ಹೋಗುವ ಆಸೆ ಇದ್ದರೆ ಅಲ್ಲಿನ ಸವಾರರ ಹಿಂದೆ ಕುಳಿತು ಹೋಗಿ, "ಈಸಿ ರೈಡರ್" ಅನ್ನುತ್ತಾರೆ. ಕಣ್ಣು ರಸ್ತೆ ಬಿಟ್ಟು ಕಣಿವೆ ನೋಡಬಹುದು. ಹ್ವೇಯಿಂದ ದಾ ನಾಂಗ್‌ಗೆ ಸುಮಾರು 100 ಕಿಲೋಮೀಟರ್ ರೈಲಿನಲ್ಲಿ ಹೋಗಿ, ಹಾಯ್ ವಾನ್ ಘಟ್ಟದಲ್ಲಿ ಹಳಿ ಸಮುದ್ರದ ಅಂಚಿಗೇ ಅಂಟಿಕೊಂಡು ಸಾಗುತ್ತದೆ.

9. ಸಣ್ಣಪುಟ್ಟ ಮೋಸಗಳು

ದೊಡ್ಡ ಅಪರಾಧ ಕಡಿಮೆ, ಹೆಣ್ಣುಮಕ್ಕಳು ಒಬ್ಬರೇ ಓಡಾಡಲು ಸುರಕ್ಷಿತ. ಸಣ್ಣ ಮೋಸಗಳಿವೆ. ಸೈಗಾನ್‌ನಲ್ಲಿ ರಸ್ತೆ ಅಂಚಿಗೆ ನಿಂತು ಫೋನ್ ನೋಡಬೇಡಿ, ಸ್ಕೂಟರ್‌ನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ. ಹನೋಯ್‌ನಲ್ಲಿ "ನಿಮ್ಮ ಚಪ್ಪಲಿ ಕಿತ್ತಿದೆ" ಅಂತ ಬಗ್ಗಿ ಅಂಟು ಹಚ್ಚಲು ಶುರು ಮಾಡುವವರು, ಹಣ್ಣಿನ ಬುಟ್ಟಿಯ ಅಡ್ಡೆಯನ್ನು ನಿಮ್ಮ ಹೆಗಲಿಗೇರಿಸಿ ಫೋಟೋಗೆ ದುಡ್ಡು ಕೇಳುವವರು ಸಿಗುತ್ತಾರೆ. ನಕ್ಕು ತಲೆಯಾಡಿಸಿ ಮುಂದೆ ಹೋಗಿ. ಸೈಕ್ಲೋ, ಅಂದರೆ ಮುಂದೆ ಕೂರುವ ಸೈಕಲ್ ರಿಕ್ಷಾ ಹತ್ತುವ ಮೊದಲು ದರವನ್ನು ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಬರೆಸಿಕೊಳ್ಳಿ, ಅದು ತಲೆಗೋ ಗಾಡಿಗೋ ಅಂತಲೂ ಕೇಳಿ. ಸೈಗಾನ್‌ನ ಬೆನ್ ಥಾನ್ ಮಾರುಕಟ್ಟೆಯಲ್ಲಿ ಚೌಕಾಸಿ ನಮ್ಮ ಗಾಂಧಿ ಬಜಾರಿನ ಹಾಗೆ, ದನಿ ಏರಿಸದೆ ಮಾಡಿ.

10. ನಮ್ಮವರು ತಪ್ಪದೆ ನೋಡಬೇಕಾದ ಜಾಗ

ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಮಿ ಸನ್. ಹೆಚ್ಚಿನ ಪ್ಯಾಕೇಜ್‌ಗಳು ದಾ ನಾಂಗ್ ಹತ್ತಿರದ ಬಾ ನಾ ಹಿಲ್ಸ್‌ನಲ್ಲಿ ದೊಡ್ಡ ಕೈಗಳು ಎತ್ತಿ ಹಿಡಿದ ಹಾಗೆ ಕಾಣುವ ಸೇತುವೆಗೆ ಇಡೀ ದಿನ ಕೊಟ್ಟು ಇದನ್ನು ಬಿಟ್ಟುಬಿಡುತ್ತವೆ, ನನಗೆ ಇದು ನೋವಿನ ಸಂಗತಿ. ಹಿಂದೆ ಈ ಭಾಗವನ್ನು ಆಳುತ್ತಿದ್ದ ಚಾಮ್ ರಾಜರು 4ನೇ ಶತಮಾನದಿಂದ 13ನೇ ಶತಮಾನದವರೆಗೆ ಇಲ್ಲಿ ಇಟ್ಟಿಗೆಯ ಶಿವಾಲಯಗಳನ್ನು ಕಟ್ಟಿಸಿದರು. ಶಿವನಿಗೆ ಇಲ್ಲಿ ಭದ್ರೇಶ್ವರ ಎಂಬ ಹೆಸರು. ಸಂಸ್ಕೃತದ ಶಾಸನಗಳಿವೆ. 1969ರಲ್ಲಿ ಅಮೆರಿಕದ ಬಾಂಬಿಗೆ ಎಷ್ಟೋ ಗುಡಿಗಳು ಹಾಳಾದವು, ಅಂಗಳದ ಗುಂಡಿಗಳು ಈಗಲೂ ಕಾಣುತ್ತವೆ. ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡಿದ್ದಾರೆ, ಆ ಕೆಲಸದ ನಡುವೆಯೇ 2020ರಲ್ಲಿ 9ನೇ ಶತಮಾನದ ಮರಳುಗಲ್ಲಿನ ಶಿವಲಿಂಗ ಸಿಕ್ಕಿತು. ಪಟ್ಟದಕಲ್ಲು, ಐಹೊಳೆ ನೋಡಿದವರು ಆ ಗರ್ಭಗುಡಿಯ ಮುಂದೆ ನಿಂತರೆ ಸುಮ್ಮನಾಗಿಬಿಡುತ್ತಾರೆ.

ಬೆಳಿಗ್ಗೆ ಏಳರ ಒಳಗೆ ತಲುಪಿ, ಹತ್ತರ ಮೇಲೆ ಬಿಸಿಲೂ ಬಸ್ಸುಗಳೂ ಒಟ್ಟಿಗೆ ಬರುತ್ತವೆ. ಆಮೇಲೆ ದಾ ನಾಂಗ್‌ನ ಚಾಮ್ ಶಿಲ್ಪ ಸಂಗ್ರಹಾಲಯವನ್ನೂ ನೋಡಿದರೆ ಗುಡಿಗಳಲ್ಲಿ ಇಲ್ಲದ ಮೂರ್ತಿಗಳು ಅಲ್ಲಿ ಸಿಗುತ್ತವೆ. ಸೈಗಾನ್‌ನಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ ಇದೆ, ವಿಯೆಟ್ನಾಮಿನವರೂ ಊದುಬತ್ತಿ ಹಚ್ಚಿ ಹರಕೆ ಹೊರುತ್ತಾರೆ. ಹನೋಯ್‌ನಲ್ಲಿ ಅವರ ಸ್ವಾತಂತ್ರ್ಯ ಹೋರಾಟದ ನಾಯಕ ಹೋ ಚಿ ಮಿನ್ ಸಮಾಧಿ ಬೆಳಗಿನ ಹೊತ್ತು ಮಾತ್ರ ತೆರೆದಿರುತ್ತದೆ, ಸೋಮವಾರ ಶುಕ್ರವಾರ ರಜೆ. ಚಡ್ಡಿ, ತೋಳಿಲ್ಲದ ಬಟ್ಟೆ ಹಾಕಿಕೊಂಡು ಹೋದರೆ ಬಿಡುವುದಿಲ್ಲ.

11. ತುರ್ತು ನಂಬರ್ ಮತ್ತು ಕೊನೆಯ ದಿನ

ಪೊಲೀಸ್ 113, ಅಗ್ನಿಶಾಮಕ 114, ಆಂಬುಲೆನ್ಸ್ 115. ಭಾರತದ ರಾಯಭಾರ ಕಚೇರಿ ಹನೋಯ್‌ನಲ್ಲಿ, ಕಾನ್ಸುಲೇಟ್ ಹೋ ಚಿ ಮಿನ್ ಸಿಟಿಯಲ್ಲಿದೆ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರಿನ ಕಾಗದ, ಆಮೇಲೆ ಇಲ್ಲಿಗೆ. ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸ್ ಮೂರರ ಚಿತ್ರವನ್ನೂ ನಿಮ್ಮ ಮೇಲ್‌ಗೆ ಕಳಿಸಿಟ್ಟಿರಿ, ಮನೆಯಲ್ಲಿ ಒಬ್ಬರ ಹತ್ತಿರವೂ ಇರಲಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲೇ ಇಡಿ.

ಉಳಿದ ಡಾಂಗ್ ನೋಟುಗಳನ್ನು ಅಲ್ಲಿಯೇ ಡಾಲರ್‌ಗೆ ಬದಲಿಸಿಕೊಂಡು ಹೊರಡಿ, ಅದಕ್ಕೆ ಮೊದಲು ಬದಲಿಸಿದಾಗ ಕೊಟ್ಟ ರಸೀದಿ ಕೇಳಬಹುದು, ಎಸೆಯಬೇಡಿ. ಬೆಂಗಳೂರಿಗೆ ಬಂದ ಮೇಲೆ ಡಾಂಗ್ ಕೊಳ್ಳುವವರು ಸಿಗುವುದು ಕಷ್ಟ, ಸಿಕ್ಕರೂ ದರ ತೀರಾ ಕಡಿಮೆ. ಹತ್ತಿಪ್ಪತ್ತು ಸಾವಿರ ಡಾಂಗ್ ಮಾತ್ರ ಉಳಿದಿದ್ದರೆ ಏರ್‌ಪೋರ್ಟ್‌ಗೆ ಹೊರಡುವ ಮೊದಲೇ ಬೀದಿಯಲ್ಲಿ ಕೊನೆಯ ಒಂದು ಕಾಫಿ ಕುಡಿದು ಮುಗಿಸಿ, ಟರ್ಮಿನಲ್ ಒಳಗೆ ಅಷ್ಟಕ್ಕೆ ಏನೂ ಬರುವುದಿಲ್ಲ.